ಗೆದ್ದದ್ದು ಮೈ, ಮೆರೆದದ್ದು ದಬ್ಬಣ

ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. ಅಪ್ಪನ ಖಾಸಾ ಅಣ್ಣ, ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವರು. ಪಿಯುಸಿ ಮುಗಿಸಿದ ನಾನು ಬಿಎಸ್ಸಿಗೆ ಹೆಸರು ಹಚ್ಚಲು ಶಿಗ್ಗಾವಿಗೆ ಹೊರಟಿದ್ದೆ. ಅವರು ಕಟ್ಟೆಯ ಮೇಲೆ ಗೋವಿನಜೋಳದ ಚೀಲದ ಬಾಯಿ ಹೊಲಿಯುತ್ತ ಕೂತಿದ್ದರು. ತಲೆ ಕೂಡ ಎತ್ತಲಿಲ್ಲ.

"ನಮ್ಮ ಮನಿತನದಾಗ ಗಂಡಸರ ಹತ್ತನೇ ಇಯತ್ತೆ ದಾಟಿಲ್ಲ. ಈಕಿ ಡಿಗ್ರಿ ಮುಗಸ್ತಾಳಂತ. ಎಮ್ಮಿ ಮಾಳಗಿ ಏರೀತು, ಇದು ಆಗದ ಮಾತು."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅಪ್ಪನೂ ನಕ್ಕ. ಅಣ್ಣನ ಮಾತಿಗೆ ನಗದೆ ಇರುವುದು ಅಪ್ಪನಿಗೆ ಗೊತ್ತಿರಲಿಲ್ಲ. ಅವ್ವ ಮಾತ್ರ ಕೊಟ್ಟಿಗೆಯ ಬಾಗಿಲಲ್ಲಿ ಎಮ್ಮೆಗೆ ಹೇಳಿದಳು, "ಮಾಳಗಿ ಏರತೀ ಏನವ್ವಾ? ಏರಿದ್ರ ಚಲೋನ ಆತು."

ಅವ್ವ ಹಾಗೆಯೇ. ಗಂಡನ ಅಣ್ಣನ ಎದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿಲ್ಲ. ಸೆರಗು ತಲೆಯ ಮೇಲೆ, ಮುಖ ಗೋಡೆಯ ಕಡೆ. ಅವರಿಗೆ ಮುಟ್ಟಬೇಕಾದ ಮಾತನ್ನು ಎಮ್ಮೆಗೋ ಕಸಬರಿಗೆಗೋ ಹೇಳಿಬಿಡುವುದು. ಹತ್ತಿಮತ್ತೂರಿನ ಸುತ್ತಲಿನ ಊರುಗಳಲ್ಲಿ ಎಷ್ಟೋ ಎಮ್ಮೆಗಳು ಹೀಗೆ ಭಾವಂದಿರ ಪಾಲಿನ ಬೈಗಳನ್ನು ತಿಂದಿವೆ.

ದೊಡ್ಡಪ್ಪನ ಕೈಯಲ್ಲಿದ್ದುದು ದಬ್ಬಣ. ಚೀಲ ಹೊಲಿಯುವ ಗೇಣುದ್ದದ ಕಬ್ಬಿಣದ ಸೂಜಿ. ವಾರವೆಲ್ಲ ಅದು ಚೀಲ ಹೊಲಿಯುತ್ತಿತ್ತು, ಐತವಾರ ಬೆಳಿಗ್ಗೆ ಔಷಧವಾಗುತ್ತಿತ್ತು. ಸೆಗಣಿ ಕುಳ್ಳಿನ ಕೆಂಡದಲ್ಲಿ ಕೆಂಪಗೆ ಕಾಯಿಸಿ, ಕಾಮಣಿ ಬಂದು ಕಣ್ಣು ಹಳದಿಯಾದವರ ಮೈಮೇಲೆ ಅವರು ಗೆರೆ ಎಳೆಯುತ್ತಿದ್ದರು. ದೊಡ್ಡವರಿಗೆ ಮುಂಗೈಗೆ, ಕೂಸುಗಳಿಗೆ ಹೊಟ್ಟೆಗೆ. ಹಾನಗಲ್ಲಿನ ಕಡೆಯಿಂದ, ತಡಸದಿಂದ ಜನ ನಸುಕಿನ ಬಸ್ಸು ಹಿಡಿದು ಬರೀ ಹೊಟ್ಟೆಯಲ್ಲಿ ಬಂದು ಕೂರುತ್ತಿದ್ದರು. ಇದಕ್ಕೆ ದೊಡ್ಡಪ್ಪ ದುಡ್ಡು ಮುಟ್ಟುತ್ತಿರಲಿಲ್ಲ. ಒಂದು ತೆಂಗಿನಕಾಯಿ, ಎರಡು ಊದಬತ್ತಿ, ಅಷ್ಟೆ. ನನ್ನ ಸಿಟ್ಟಿಗೆ ಇದೇ ದೊಡ್ಡ ತೊಡಕು. ಕಳ್ಳನ ಮೇಲೆ ಸಿಟ್ಟಾಗುವುದು ಸುಲಭ. ತಾನು ದೇವರ ಕೆಲಸ ಮಾಡುತ್ತಿದ್ದೇನೆ ಎಂದು ನಂಬಿದವನು ನಿಮ್ಮ ಕೈ ಸುಟ್ಟರೆ ಯಾರಿಗೆ ಬೈಯುತ್ತೀರಿ?

ನನ್ನ ಬಲ ಮುಂಗೈಯಲ್ಲೂ ಆ ಗೆರೆಗಳಿವೆ. ಕನ್ನಡ ಸಾಲೆಯಲ್ಲಿದ್ದಾಗ ನಮ್ಮ ಓಣಿಗೆ ಕಾಮಣಿ ಹೊಕ್ಕಿತ್ತು. ನಳದ ಪೈಪು ಗಟಾರದೊಳಗೇ ಹಾಯ್ದು ಬರುತ್ತಿತ್ತು, ಅದು ಒಡೆದಿತ್ತು, ಆ ನೀರನ್ನೇ ನಾವು ಕುಡಿದಿದ್ದೆವು. ಯಾರೂ ಪೈಪಿನ ಕಡೆ ನೋಡಲಿಲ್ಲ. ಎಲ್ಲರೂ ದೊಡ್ಡಪ್ಪನ ಕಟ್ಟೆಯ ಕಡೆ ನೋಡಿದರು. ನನ್ನ ಸರದಿ ಬಂದಾಗ ಅವ್ವ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಎರಡೂ ಕೈ ಗಟ್ಟಿಯಾಗಿ ಹಿಡಿದಳು. ಸುಟ್ಟ ಚರ್ಮದ ವಾಸನೆ ಮೊದಲು ಬಂತು, ನೋವು ಆಮೇಲೆ. ಗಾಯ ಕೀವಾಯಿತು. ಕಾಮಣಿ ಹೋಗುವ ಹೊತ್ತಿಗೆ ಕೀವಿನ ಜ್ವರ ಹತ್ತಿತು. ಎರಡೂ ಇಳಿದ ಮೇಲೆ ದೊಡ್ಡಪ್ಪ ನನ್ನ ಮುಂಗೈ ಹಿಡಿದು ಬಂದವರಿಗೆಲ್ಲ ತೋರಿಸಿದರು.

"ನೋಡ್ರಿ, ಹೆಂಗಿದ್ದಾಕಿ ಹೆಂಗಾದ್ಲು!"

ಆ ಓಣಿಯಲ್ಲಿ ಬರೆ ಹಾಕಿಸಿಕೊಂಡವರೆಲ್ಲ ಆರಾಮಾದರು, ಒಬ್ಬಳನ್ನು ಬಿಟ್ಟು. ಆಕೆ ನಮ್ಮ ಎದುರು ಮನೆಯ ಬಸುರಿ. ಬರೆ ಕೆಲಸ ಮಾಡಲಿ ಎಂದು ಕಾದು ಕೂತರು. ಆಕೆ ಯಾರನ್ನೂ ಗುರುತಿಸದಂತಾದ ಮೇಲೆ ಆಸ್ಪತ್ರೆಗೆ ಗಾಡಿ ಮಾಡಿದರು. ದಾರಿಯಲ್ಲೇ ಹೋದಳು. "ಹಣೆಬರಾ" ಎಂದರು ದೊಡ್ಡಪ್ಪ. ಬದುಕಿದವರು ದಬ್ಬಣದ ಪಾಲಿಗೆ, ಸತ್ತವಳು ಹಣೆಬರಹದ ಪಾಲಿಗೆ. ಇಂಥ ಸೋಲಿಲ್ಲದ ವೈದ್ಯ ಜಗತ್ತಿನಲ್ಲಿ ಇನ್ನೆಲ್ಲಿದ್ದಾನೆ ಹೇಳಿ.

ಇದೆಲ್ಲ ನನಗೆ ತಿಳಿದದ್ದು ಕಾಲೇಜಿನಲ್ಲಿ. ಊರಿನಿಂದ ಸವಣೂರು, ಸವಣೂರಿನಿಂದ ಶಿಗ್ಗಾವಿ. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕರೆ ಓದು, ಸಿಗದಿದ್ದರೆ ಕಂಬಿ ಹಿಡಿದು ಹಿಂದಿನ ದಿನದ್ದನ್ನು ಬಾಯಿಪಾಠ. ಮನೆಯಲ್ಲಿ ಸೆಗಣಿ ಬಾಚಿ, ರೊಟ್ಟಿ ಬಡಿದು, ಆಮೇಲೆ ಹೊರಡುತ್ತಿದ್ದೆ. ನನ್ನ ಬೆರಳಿಗೆ ಸೆಗಣಿಯ ವಾಸನೆ ಇದೆ ಎಂದು ಪಕ್ಕದ ಬೆಂಚಿನವಳು ಸರಿದು ಕೂತದ್ದು ನೆನಪಿದೆ. ಆ ಬೆರಳಲ್ಲೇ ಬರೆದು ಅವಳಿಗಿಂತ ಹೆಚ್ಚು ಅಂಕ ತೆಗೆದೆ. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ.

ಪ್ರಾಣಿಶಾಸ್ತ್ರದ ಸರ್ ಒಂದು ದಿನ ಹಲಗೆಯ ಮೇಲೆ ಮನುಷ್ಯನ ಮೈ ಬಿಡಿಸಿದರು. ಸುತ್ತ ಒಂದು ದಪ್ಪ ಗೆರೆ. ಇದು ಚರ್ಮ, ಮೊದಲನೆಯ ಕಾವಲು ಎಂದರು. ಹರಿಯದೆ ಸುಡದೆ ಇರುವ ತನಕ ಇದನ್ನು ದಾಟಿ ರೋಗಾಣು ಒಳಗೆ ಬರುವುದು ಕಷ್ಟ. ಮೂಗಿನ ಸಿಂಬಳ, ಕಣ್ಣೀರು, ಹೊಟ್ಟೆಯ ಆಮ್ಲ, ಇವೂ ಕಾವಲಿನವೇ. ಇದನ್ನೂ ದಾಟಿ ಬಂದರೆ ನೆತ್ತರಿನಲ್ಲಿ ಬಿಳಿ ಕಣಗಳಿವೆ. ಕೆಲವು ಬಂದವರನ್ನು ಹಿಡಿದು ನುಂಗುತ್ತವೆ. ಕೆಲವು ಆ ರೋಗಾಣುವಿಗೇ ಹೊಂದುವಂಥ ಪ್ರತಿಕಾಯ ತಯಾರಿಸಿ ಅದರ ಮೈಗೆ ಅಂಟಿಸುತ್ತವೆ. ಇನ್ನು ಕೆಲವು ಅದರ ಮುಖವನ್ನು ನೆನಪಿಟ್ಟುಕೊಂಡು ವರ್ಷಗಟ್ಟಲೆ ಕಾಯುತ್ತವೆ. ಗೊಬ್ಬರ, ಅಂದರೆ ದಡಾರ, ಒಮ್ಮೆ ಎದ್ದವರಿಗೆ ಸಾಮಾನ್ಯವಾಗಿ ಮತ್ತೆ ಏಳದಿರುವುದು ಇದಕ್ಕೇ. ಲಸಿಕೆ ಮಾಡುವುದೂ ಇದನ್ನೇ, ಕಳ್ಳ ಬರುವ ಮೊದಲೇ ಅವನ ಫೋಟೋ ತೋರಿಸಿಡುವುದು. ನೆಗಡಿಯ ವೈರಸ್ಸಿಗೆ ಮಾತ್ರ ನೂರೆಂಟು ಮುಖ, ಹೀಗಾಗಿ ಅದು ಪ್ರತಿ ಚಳಿಗಾಲ ಹೊಸ ಬೀಗನ ಹಾಗೆ ಬರುತ್ತದೆ.

ಎಲ್ಲರೂ ಬರೆದುಕೊಳ್ಳುತ್ತಿದ್ದರು. ನಾನು ನನ್ನ ಮುಂಗೈ ನೋಡಿಕೊಳ್ಳುತ್ತಿದ್ದೆ. ಎದ್ದು ನಿಂತು ಕೇಳಿದೆ, "ಸರ್, ಕಾಮಣಿ ತಾನ ಹೋಗ್ತೈತೇನ್ರಿ?"

"ನೀರಿನಿಂದ ಬರೋ ಕಾಮಾಲೆ ಬಹಳ ಮಂದಿಗೆ ತಾನಾಗೇ ಹೋಗ್ತದ. ವಿಶ್ರಾಂತಿ ಬೇಕು, ಚಲೋ ನೀರು ಬೇಕು. ಬಸುರಿ ಹೆಣ್ಣುಮಕ್ಕಳು, ಕೂಸುಗಳು ಮಾತ್ರ ತಡಾ ಮಾಡಬಾರದು. ಉಳಿದವರಿಗೆ ಮೈನ ಹೊಡೆದಾಡಿ ಗೆಲ್ತದ. ಯಾಕವ್ವಾ?"

"ಏನಿಲ್ರಿ" ಎಂದು ಕೂತೆ.

ಏನಿಲ್ಲ ಎಂದರೂ ಒಳಗೆ ಬೆಂಕಿ ಹತ್ತಿತ್ತು. ನನ್ನ ಮೈ ಹೊಡೆದಾಡಿತ್ತು. ಆ ಸಣ್ಣ ಹುಡುಗಿಯ ಮೈ, ಗಂಜಿ ಕುಡಿದು, ಎರಡೆರಡು ಜ್ವರ ತಡೆದುಕೊಂಡು ಒಳಗೊಳಗೇ ಹೊಡೆದಾಡಿ ಗೆದ್ದಿತ್ತು. ಹೊರಗೆ ಮೆರವಣಿಗೆ ಹೋದದ್ದು ದಬ್ಬಣ. ಗೆದ್ದ ಮೈಗೆ ಸಿಕ್ಕಿದ್ದು ಕೀವು. ಅವತ್ತು ಸವಣೂರಿನ ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೇಳಿದ್ದಕ್ಕೂ ಜಗಳ ತೆಗೆದೆ. ಪಾಪ, ಅವನಿಗೇನು ಗೊತ್ತು.

ಕೊನೆಯ ವರ್ಷದಲ್ಲಿ ಅಕ್ಕ ಚೊಚ್ಚಲ ಬಾಣಂತನಕ್ಕೆ ಹಿರೇಕೆರೂರಿನಿಂದ ತವರಿಗೆ ಬಂದಳು. ಅಕ್ಕನಿಗೂ ನಮ್ಮ ಎಮ್ಮೆಗೂ ದಿನ ತುಂಬಿದ್ದು ಒಟ್ಟಿಗೆ. ಎಮ್ಮೆ ಮನೆಯಲ್ಲಿ ಕರು ಹಾಕಿತು, ಅಕ್ಕ ಆಸ್ಪತ್ರೆಯಲ್ಲಿ ಹೆಣ್ಣು ಹಡೆದಳು. ಬಾಣಂತಿಯನ್ನು ಮನೆಗೆ ಕರೆತಂದ ದಿನ ನಾನು ಕಾಲೇಜಿನಿಂದ ಬಂದೆ. ಅವ್ವ ತಾಟಿನಲ್ಲಿ ಗಿಣ್ಣ ಹಾಕಿ ಮುಂದಿಟ್ಟಳು. ಬೆಲ್ಲ, ಏಲಕ್ಕಿ ಹಾಕಿ ಕಾಸಿದ ಎಮ್ಮೆಯ ಮೊದಲ ಹಾಲು, ಗಟ್ಟಿಯಾಗಿ ತುಂಡು ತುಂಡಾಗಿ.

"ಕರುಗೆ ಕುಡಿಸಿದ್ಯೇನಬೇ ಮೊದಲ?"

"ಕುಡಿಸದ ಇರ್ತೀವೇನ? ಗಿಣ್ಣದ ಹಾಲು ಕುಡೀದಿದ್ರ ಕರು ಎದ್ದು ನಿಲ್ಲತೈತೇನ? ಅದು ಕುಡದು ಉಳಿದಿದ್ದ ನಮಗ."

"ಮತ್ತ ಅಕ್ಕನ ಕೂಸಿಗೆ?"

"ಅಯ್ಯ, ಮನಷ್ಯಾರ್ದು ಬ್ಯಾರೆ. ಹಳದಿ ಹಾಲು ಅದು, ಕೂಸಿಗೆ ಜಡ. ನರ್ಸವ್ವ ಅತ್ತಾಗ ಹೋದ ಕೂಡ್ಲೆ ಹಿಂಡಿ ಚೆಲ್ಲಿಸಿದೆ. ಸಕ್ಕರಿ ನೀರು ನೆಕ್ಕಿಸೇವಿ."

ತಾಟು ಕೆಳಗಿಟ್ಟೆ. ಆ ಹೊತ್ತಿನ ನನ್ನ ಸಿಟ್ಟನ್ನು ಈಗಲೂ ಸರಿಯಾಗಿ ಬರೆಯಲಾರೆ. ತಾಯಿಯ ಮೈ ತಾನು ಹುಟ್ಟಿದಾಗಿನಿಂದ ಗೆದ್ದ ಜಗಳಗಳ ನೆನಪನ್ನೆಲ್ಲ ಆ ಮೊದಲ ಹಾಲಿನಲ್ಲಿ ಹಾಕಿ ಕೊಡುತ್ತದೆ. ಪ್ರತಿಕಾಯ ತುಂಬಿದ ಹಾಲು ಅದು. ಕೂಸಿಗೆ ತನ್ನದೇ ಸೈನ್ಯ ಇನ್ನೂ ಬಲಿತಿರುವುದಿಲ್ಲ, ತಾಯಿಯ ಸೈನ್ಯ ಬಂದು ಕೂಸಿನ ಹೊಟ್ಟೆಯಲ್ಲಿ ಕಾವಲು ನಿಲ್ಲುತ್ತದೆ. ಎಮ್ಮೆಯ ಕರುವಿನ ವಿಷಯದಲ್ಲಿ ನಮ್ಮವರಿಗೆ ಇದು ಅಜ್ಜಿ ಮುತ್ತಜ್ಜಿಯರ ಕಾಲದಿಂದ ಗೊತ್ತು. ಮಗಳ ಕೂಸಿಗೆ ಬಂದರೆ ಬಟ್ಟೆಗೆ ಹಿಂಡಿ ಗಟಾರಕ್ಕೆ. ನಾವು ಮನುಷ್ಯರು ಚಪ್ಪರಿಸಿ ತಿನ್ನುವುದು ಕರುವಿನ ಪಾಲು, ನಮ್ಮ ಕೂಸಿಗೆ ಸಕ್ಕರೆ ನೀರು.

"ನಿನಗ ಯಾರ ಹೇಳಿದ್ರಬೇ ಚೆಲ್ಲಂತ?" ಎಂದು ಕೂಗಿದೆ.

"ಯಾರ ಹೇಳಬೇಕ? ನಿನಗೂ ಚೆಲ್ಲಿದ್ದೆ. ಸತ್ತೇನು ನೀ?" ಅವ್ವನಿಗೂ ಸಿಟ್ಟು ಬಂತು. "ಎರಡ ಪುಸ್ತಕ ಓದಿ ಹಡದಾಕಿಗೆ ಹಾಲು ಕುಡಿಸೂದು ಕಲಿಸಾಕ ಬಂದಾಳ."

ಅಂದಿನಿಂದ ಅಕ್ಕನ ಪಕ್ಕ ಕೂತು ಮೇಲಿಂದ ಮೇಲೆ ಕೂಸಿಗೆ ಎದೆ ಹಚ್ಚಿಸಿದೆ. ಆದರೆ ಕೂಸು ಆಗಲೇ ಸೋತಿತ್ತು, ಹಾಲು ಎಳೆಯುವ ಕಸುವಿರಲಿಲ್ಲ. ಕಣ್ಣು ಹಳದಿ, ಆಮೇಲೆ ಎದೆ ಹಳದಿ, ಆಮೇಲೆ ಹೊಟ್ಟೆ. ಹುಟ್ಟಿದ ಕೂಸುಗಳಿಗೆ ಹೀಗೆ ಹಳದಿಯಾಗುವುದು ಸಾಮಾನ್ಯ. ಇದು ಗಟಾರದ ನೀರಿನ ಕಾಮಣಿಯಲ್ಲ, ರೋಗಾಣು ತಂದದ್ದೂ ಅಲ್ಲ. ಎಳೆಯ ಯಕೃತ್ತಿಗೆ ಹಳೆಯ ನೆತ್ತರಿನ ಹಳದಿ ಬಣ್ಣವನ್ನು ಹೊರಹಾಕುವ ಕೆಲಸ ಇನ್ನೂ ರೂಢಿಯಾಗಿರುವುದಿಲ್ಲ. ಹಾಲು ಹೊಟ್ಟೆಗೆ ಸರಿಯಾಗಿ ಬಿದ್ದರೆ ಹೆಚ್ಚಿನ ಕೂಸುಗಳಲ್ಲಿ ತಾನೇ ಇಳಿಯುತ್ತದೆ. ಆದರೆ ಅಂಗೈ ಅಂಗಾಲಿನ ತನಕ ಹಳದಿ ಇಳಿದು ಕೂಸು ಹಾಲು ಬಿಟ್ಟರೆ ಕಾಯಬಾರದು. ತಲೆಗೆ ಏರಿದರೆ ಆಯುಷ್ಯವಿಡೀ ಹೊರಬೇಕಾದ ಊನ.

ದೊಡ್ಡಪ್ಪ ಬಂದು ಕೂಸಿನ ರೆಪ್ಪೆ ಎತ್ತಿ ನೋಡಿದರು. "ಕಾಮಣಿ. ನಾಳೆ ಹೆಂಗೂ ಐತವಾರ. ಹೊಟ್ಟಿಗೆ ಮೂರು ಗೆರಿ ಎಳೀತೇನಿ, ಇಳೀತೈತಿ."

"ಬ್ಯಾಡ್ರಿ ದೊಡ್ಡಪ್ಪಾ. ಆಸ್ಪತ್ರಿಗೆ ಒಯ್ಯೂಣು."

"ಆಸ್ಪತ್ರಿಯಾಗ ಕಾಮಣಿಗೆ ಔಷಧಿಲ್ಲಂತ ಡಾಕ್ಟರ್‌ರ ಹೇಳ್ತಾರ. ನೀ ಏನ ಡಾಕ್ಟರ್‌ಗಿಂತ ಮ್ಯಾಲಿನಾಕೇನ?"

"ನಾ ಓದೇನ್ರಿ ಇದನ್ನ."

ಅವರು ನನ್ನ ಕಡೆ ತಿರುಗಿದರು. "ಓದೀದಿ? ಸರ್ಟಿಫಿಕೇಟ್ ಎಲ್ಲೈತಿ? ತಂದು ನನ್ನ ಕೈಯಾಗ ಇಡು, ಅವತ್ತ ನನಗ ಬುದ್ಧಿ ಹೇಳು. ಅಲ್ಲೀಮಟ ಬಾಯಿ ಮುಚಗೊಂಡಿರು."

ಅಪ್ಪ ಎದ್ದು ಹೊಲದ ಕಡೆ ಹೋದ.

ಐತವಾರ ಬೆಳಕು ಹರಿಯುವ ಹೊತ್ತಿಗೆ ಅಂಗಳದಲ್ಲಿ ಕುಳ್ಳು ಕೆಂಡವಾಗಿತ್ತು. ಅದರೊಳಗೆ ದಬ್ಬಣದ ತುದಿ ಕೆಂಪು. ಪಕ್ಕದಲ್ಲಿ ತೆಂಗಿನಕಾಯಿ, ಊದಬತ್ತಿ. ಅವ್ವ ಕಟ್ಟೆಯ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ಅಕ್ಕ ಬಾಗಿಲಲ್ಲಿ ಅಳುತ್ತಿದ್ದಳು, ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ನಾನು ಕೂಸಿನ ದುಪಟಿ ಬಿಚ್ಚಿ ಅಂಗಾಲು ನೋಡಿದೆ. ಅರಿಶಿನ ಹಚ್ಚಿದಂತಿತ್ತು. ಕೂಸಿನ ಬಾಯಿಗೆ ಬೆರಳಿಟ್ಟೆ. ಚೀಪಲಿಲ್ಲ.

ಕೆಂಡಕ್ಕೂ ಕೂಸಿಗೂ ನಡುವೆ ಹೋಗಿ ನಿಂತೆ. ಹಲಗೆಯ ಮೇಲಿನ ಪಾಠ ಅಲ್ಲಿ ನಡೆಯುವುದಿಲ್ಲ ಎಂದು ಗೊತ್ತಿತ್ತು. ಮುಂಗೈ ಎತ್ತಿ ತೋರಿಸಿದೆ.

"ದೊಡ್ಡಪ್ಪಾ, ನಮ್ಮ ಊರಿಗೆ ಅಗಸಿ ಬಾಗಲ ಯಾಕ ಕಟ್ಟಿದ್ರು?"

"ಸರೀ ಅತ್ತಾಗ."

"ಕಳ್ಳರು ಬರಬಾರದಂತ ಕಟ್ಟಿದ್ರು. ಈ ಚರ್ಮ ಕೂಸಿನ ಅಗಸಿ. ಒಳಗ ಕಾವಲಿನವರು ಇನ್ನೂ ತೊಟ್ಲದಾಗ ಅದಾರ. ತಾಯಿ ಕಳಿಸಿದ ಕಾವಲಿನವರನ್ನ ನಾವ ಗಟಾರಕ್ಕ ಚೆಲ್ಲೇವಿ. ಈಗ ನೀವು ಅಗಸಿನೂ ಸುಟ್ರ ಯಾರ ಕಾಯಬೇಕ್ರಿ? ನನಗ ಕೀವಾತು, ನಾ ದೊಡ್ಡಾಕಿದ್ದೆ, ತಡಕೊಂಡೆ. ಇದು ತಡೀತೈತೇನ್ರಿ? ಎದುರು ಮನಿಯಾಕಿ ತಡದಳೇನ್ರಿ?"

ಆ ಬಸುರಿಯ ಮಾತನ್ನು ಅಷ್ಟು ವರ್ಷ ಅವರ ಮುಂದೆ ಯಾರೂ ಎತ್ತಿರಲಿಲ್ಲ. ದೊಡ್ಡಪ್ಪನ ಮುಖ ಕಪ್ಪಿಟ್ಟಿತು. "ಈ ಹುಡುಗಿನ್ನ ಹಿಡೀರೋ ಯಾರಾರ!" ಎಂದು ಕೂಗಿ, ಅರಿವೆ ಸುತ್ತಿದ ಕೈಯಿಂದ ದಬ್ಬಣ ಎತ್ತಿಕೊಂಡರು.

ಯಾರೂ ಹಿಡಿಯಲಿಲ್ಲ. ಅವ್ವ ಕೂಸನ್ನು ಎದೆಗೆ ಅವಚಿಕೊಂಡು ಎದ್ದಳು. ಸೆರಗು ತಲೆಯ ಮೇಲೆ ಇದ್ದೇ ಇತ್ತು. ಮುಖ ಕೊಟ್ಟಿಗೆಯ ಕಡೆ.

"ನೀನ ಚಲೋ ನೋಡವ್ವಾ" ಎಂದಳು ಎಮ್ಮೆಗೆ. "ನಿನ್ನ ಕರುಗೆ ಯಾರರ ಬೆಂಕಿ ಹಿಡಕೊಂಡು ಬಂದಿದ್ರ ಕೊಂಬಿಲೆ ತಿವೀತಿದ್ದಿ. ನಾ ನನ್ನ ಮಗಳ ಕೈ ಹಿಡಕೊಂಡು ಕುಂತಿದ್ದೆ. ಒಮ್ಮೆ ಕುಂತಿದ್ದ ಸಾಕು."

ಹೀಗೆಂದು ಅಂಗಳ ದಾಟಿ ರಸ್ತೆಗೆ ಹೋದಳು. ಚಪ್ಪಲಿ ಕೂಡ ಮೆಟ್ಟಲಿಲ್ಲ. ನಾನು ಅಕ್ಕನ ಕೈ ಹಿಡಿದು ಹೊಸ್ತಿಲು ದಾಟಿಸಿದೆ. ಸವಣೂರಿಗೆ ಹೊರಟಿದ್ದ ಟಂಟಂ ಒಂದು ನಿಂತಿತು. ತರಕಾರಿ ಬುಟ್ಟಿಗಳ ನಡುವೆ ಮೂವರೂ ಕೂತೆವು.

ಆಸ್ಪತ್ರೆಯಲ್ಲೂ ಸಿಟ್ಟು ಮುಗಿಯಲಿಲ್ಲ. ನರ್ಸು ಕೂಸಿನ ಹೊಟ್ಟೆ ತಿರುವಿ ತಿರುವಿ ನೋಡಿ, "ಬರಿ ಹಾಕಿಲ್ಲಲ್ಲ? ಪುಣ್ಯಾ" ಎಂದರು. ಮರುಗಳಿಗೆಯಲ್ಲೇ ಅವ್ವನಿಗೆ ಬೈದರು. "ಇಷ್ಟ ಹಳದಿ ಆಗೂಮಟ ಏನ ಮಾಡಾಕತ್ತಿದ್ರಿ? ನಿಮ್ಮ ಹಳ್ಳಿ ಮಂದಿಗೆ ಬುದ್ಧಿ ಯಾವಾಗ ಬರ್ತೈತೋ."

ಅವ್ವ ತಲೆ ತಗ್ಗಿಸಿದಳು. ನನಗೆ ತಡೆಯಲಾಗಲಿಲ್ಲ. "ಬುದ್ಧಿ ಬಂದಿದ್ದಕ್ಕ ಬಂದೇವ್ರಿ ಇಲ್ಲಿಗೆ. ಬೈಯೂದು ಆಮ್ಯಾಲೆ, ಮೊದಲ ಕೂಸಿನ್ನ ನೋಡ್ರಿ" ಎಂದೆ. ಬರೆ ಹಾಕುವವರು ನಮ್ಮ ಮೈ ಸುಡುತ್ತಾರೆ, ಓದಿದವರು ನಮ್ಮ ಮುಖ ಸುಡುತ್ತಾರೆ. ಎರಡಕ್ಕೂ ಹೆದರಿಯೇ ನಮ್ಮ ಹೆಂಗಸರು ತಡ ಮಾಡುವುದು. ನರ್ಸು ನನ್ನನ್ನು ದಿಟ್ಟಿಸಿದರು, ಆಮೇಲೆ ಕೆಲಸಕ್ಕೆ ತೊಡಗಿದರು. ಚುರುಕಾಗಿಯೇ ಮಾಡಿದರು, ಅದನ್ನು ಒಪ್ಪುತ್ತೇನೆ.

ಕೂಸಿನ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಆ ಬೆಳಕು ಹಳದಿಯನ್ನು ಮೈ ಸುಲಭವಾಗಿ ಹೊರಹಾಕುವಂತೆ ಮಾಡುತ್ತದೆ. ಮೈಮೇಲೆ ಒಂದು ಗೀರೂ ಬೀಳುವುದಿಲ್ಲ. ಅಕ್ಕನ ಹಾಲು ಹಿಂಡಿ ಚಮಚದಲ್ಲಿ ಕುಡಿಸಿದೆವು. ಹಿಂಡುವಾಗ ಒಂದು ಹನಿ ಸೀರೆಗೆ ಬಿದ್ದರೆ ಅವ್ವ ಅದನ್ನೇ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಕೂಸು ಎದೆಗೆ ಬಾಯಿ ಹಾಕಿ ಎಷ್ಟು ಜೋರಾಗಿ ಎಳೆಯಿತೆಂದರೆ ಅಕ್ಕ ಚೀರಿದಳು. ನಾವು ಮೂವರೂ ನಕ್ಕೆವು, ಅತ್ತೆವು.

ಮನೆಗೆ ಬಂದಾಗ ದೊಡ್ಡಪ್ಪ ಕಟ್ಟೆಯ ಮೇಲಿದ್ದರು. ಕೂಸಿನ ಕಣ್ಣು ನೋಡಿದರು, ಅಂಗೈ ನೋಡಿದರು.

"ಕೂಸಿನ ಕಾಮಣಿ ತಾನ ಇಳೀತೈತಿ" ಎಂದರು. "ಅದಕ್ಯಾಕ ಬೇಕಿತ್ತ ಆಸ್ಪತ್ರಿ?"

"ತಾನ ಇಳಿಯೂದಾದ್ರ ದಬ್ಬಣ ಯಾಕ ಬೇಕಿತ್ರಿ ದೊಡ್ಡಪ್ಪಾ?"

ಅವರು ಎತ್ತುಗಳಿಗೆ ನೀರು ತೋರಿಸಬೇಕೆಂದು ಎದ್ದು ಹೋದರು. ಎತ್ತುಗಳು ಆಗಷ್ಟೇ ನೀರು ಕುಡಿದು ಬಂದು ನಿಂತಿದ್ದವು. ಆಮೇಲೂ ಐತವಾರ ಕೆಂಡ ಆರಲಿಲ್ಲ, ಜನ ಬರುವುದೂ ನಿಲ್ಲಲಿಲ್ಲ. ನಾನು ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತು, ಬಂದವರಿಗೆ ನನ್ನ ಮುಂಗೈ ತೋರಿಸಿ ಎಲ್ಲ ಹೇಳಲು ಶುರು ಮಾಡಿದೆ. ಕೆಲವರು ಎದ್ದು ಆಸ್ಪತ್ರೆಗೆ ಹೋದರು. ಕೆಲವರು, "ನಿಮ್ಮ ದೊಡ್ಡಪ್ಪಗ ಎದುರು ಮಾತಾಡ್ತೀಯಲ್ಲ, ನಾಚಿಕಿಲ್ಲೇನ?" ಎಂದರು. ಇಲ್ಲ ಎಂದೆ.

ಪರೀಕ್ಷೆ ಬರೆದೆ. ಪಾಸಾದೆ, ಫಸ್ಟ್ ಕ್ಲಾಸಿನಲ್ಲಿ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಮನುಷ್ಯ ಪ್ರಾಣಿ ನಾನು. ಎಮ್ಮೆ ಇನ್ನೂ ಮಾಳಿಗೆ ಏರಿಲ್ಲ.

ಸರ್ಟಿಫಿಕೇಟ್ ಕೈಗೆ ಸಿಕ್ಕಿದ್ದು ಮುಂದಿನ ಪಂಚಮಿಯ ಹೊತ್ತಿಗೆ. ಅಕ್ಕ ಮಗಳನ್ನು ಕರೆದುಕೊಂಡು ಹಬ್ಬಕ್ಕೆ ಬಂದಿದ್ದಳು. ಪಡಸಾಲೆಯಲ್ಲಿ ಉಂಡಿ ತಿನ್ನಲು ಓಣಿಯ ಹತ್ತಾರು ಮಂದಿ ಸೇರಿದ್ದರು. ನಾನು ಶಿಗ್ಗಾವಿಯಿಂದ ಬಂದವಳು ಚಪ್ಪಲಿ ಬಿಟ್ಟು ನೆಟ್ಟಗೆ ದೊಡ್ಡಪ್ಪನ ಮುಂದೆ ಹೋಗಿ ನಿಂತೆ.

"ತಂದು ಕೈಯಾಗ ಇಡು ಅಂದಿದ್ರಿ."

ಅವರು ಧೋತರಕ್ಕೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಇಸಿದುಕೊಂಡರು. ಬಹಳ ಹೊತ್ತು ನೋಡಿದರು. ನನ್ನ ಹೆಸರಿನ ಮೇಲೆ ಬೆರಳಾಡಿಸಿದರು. ಒಂದು ಗಳಿಗೆ, ಒಂದೇ ಗಳಿಗೆ, ಈ ಮನುಷ್ಯ ತಪ್ಪಾಯಿತು ಎನ್ನುತ್ತಾನೆ ಎಂದುಕೊಂಡೆ. ಅವರು ಸರ್ಟಿಫಿಕೇಟನ್ನು ಮೇಲೆತ್ತಿ ಕೂತವರಿಗೆಲ್ಲ ತೋರಿಸಿದರು.

"ನೋಡ್ರಿ! ನಾ ಬರಿ ಹಾಕಿ ಉಳಿಸಿದ ಕೂಸು ಇದು. ಅವತ್ತ ನಾ ಇರಲಿಲ್ಲಂದ್ರ ಇವತ್ತ ಈ ಡಿಗ್ರಿ ಎಲ್ಲಿ ಬರ್ತಿತ್ತು?"

ಅಷ್ಟು ವರ್ಷದ ಬಸ್ಸು, ಸೆಗಣಿ, ಬಾಯಿಪಾಠ, ಎಲ್ಲವೂ ಒಂದೇ ಮಾತಿಗೆ ದಬ್ಬಣದ ಪಾಲಾಗಿತ್ತು.

ಅವ್ವ ಅಡಿಗೆಮನೆಯಿಂದ ಹೊರಗೆ ಬಂದಳು. ಕೊಟ್ಟಿಗೆಯ ಕಡೆ ತಿರುಗುತ್ತಾಳೆ ಎಂದುಕೊಂಡೆ. ತಿರುಗಲಿಲ್ಲ. ಸೆರಗು ಹಿಂದೆ ಸರಿಸಿ, ಮೊಟ್ಟಮೊದಲ ಬಾರಿಗೆ ಭಾವನ ಮುಖವನ್ನೇ ನೋಡಿದಳು. ಅಂಗಳದಲ್ಲಿ ಅಕ್ಕನ ಮಗಳು ಬರೀ ಮೈಯಲ್ಲಿ, ಎಮ್ಮೆಯ ಹಗ್ಗ ಹಿಡಿದು ತಪ್ಪು ಹೆಜ್ಜೆ ಹಾಕುತ್ತಿತ್ತು. ಹೊಟ್ಟೆ ದುಂಡಗೆ, ಒಂದು ಗೀರಿಲ್ಲದೆ ಹೊಳೆಯುತ್ತಿತ್ತು. ಅವ್ವ ಅದರ ಕಡೆ ಕೈ ಮಾಡಿದಳು.

"ನೀವು ಬರಿ ಹಾಕದ ಕೂಸು ಅಲ್ಲಿ ಆಡಾಕತ್ತೈತಿ ನೋಡ್ರಿ, ಭಾವಾರ. ಅದರ ಸರ್ಟಿಫಿಕೇಟೂ ಬರ್ತೈತಿ. ಅಲ್ಲೀಮಟ ನೀವು ಗಟ್ಟಿ ಇರ್ರಿ. ಅವತ್ತ ಯಾರ ಉಳಿಸಿದ್ರಂತ ಇದ ಮಂದಿ ಮುಂದ ಹೇಳೀರಂತ."